ಎರಡು ಪುಟದಲ್ಲಿ ಮುಗಿದ ಮಾತು

ವರ್ಷಕ್ಕೆ ಒಬ್ಬ ವಿದ್ಯಾರ್ಥಿಯಾದರೂ ಹದಿನಾರು ಪುಟದ ಸಂಶೋಧನಾ ಪೇಪರ್ ಹಿಡಿದು ನನ್ನ ಕೋಣೆಗೆ ಬರುತ್ತಾನೆ. "ಸಾರ್, ಇದನ್ನ ಕತ್ತರಿಸಿ ಲೆಟರ್ ಮಾಡೋಣ, ಬೇಗ ಪ್ರಕಟ ಆಗುತ್ತೆ." (ಲೆಟರ್ ಅಂದರೆ ಕೆಲವೇ ಪುಟದ ಪುಟ್ಟ ಪೇಪರ್.) ನಾನು ಕೇಳುವುದು ಒಂದೇ ಪ್ರಶ್ನೆ: "ಇದರಲ್ಲಿ ಒಂದೇ ಒಂದು ಚಿತ್ರ ಉಳಿಸಿಕೋ ಅಂದ್ರೆ ಯಾವುದು ಇಟ್ಕೋತೀಯ?" ತಕ್ಷಣ ಬೆರಳಿಟ್ಟು ತೋರಿಸಿದರೆ ಅಲ್ಲೊಂದು ಲೆಟರ್ ಇದೆ. "ಮೂರೂ ಬೇಕು ಸಾರ್" ಅಂದರೆ ಇಲ್ಲ.

ವಸ್ತುಗಳ ಮೇಲೆ ಬಲ ಬಿದ್ದಾಗ ಏನಾಗುತ್ತದೆ ಎಂದು ನೋಡುವ ನಮ್ಮ ಮೆಕ್ಯಾನಿಕ್ಸ್‌ನಲ್ಲಿ ಇಂಥ ಪುಟ್ಟ ಪೇಪರ್‌ಗಳಿಗೆ ಒಂದೊಂದು ಕಡೆ ಒಂದೊಂದು ಹೆಸರು. ನೋಟ್, ಲೆಟರ್, ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಾದರೆ ರ‍್ಯಾಪಿಡ್ಸ್. 1974ರಲ್ಲಿ ಹುಟ್ಟಿದ ಮೆಕ್ಯಾನಿಕ್ಸ್ ರಿಸರ್ಚ್ ಕಮ್ಯುನಿಕೇಶನ್ಸ್ ಎಂಬ ಪತ್ರಿಕೆ ಅಂತೂ ಇಂಥವಕ್ಕೇ ಮೀಸಲು.

ನನಗೆ ಇಷ್ಟವಾದ ಉದಾಹರಣೆ ಬೆಂಗಳೂರಿನದು. ವಿಮಾನದ ರೆಕ್ಕೆಯ ಮೈಗೆ ಅಂಟಿಕೊಂಡು ಹರಿಯುವ ಗಾಳಿಯ ಪದರ ಮೊದಲು ಶಾಂತವಾಗಿರುತ್ತದೆ, ಮುಂದೆ ಹೋದಂತೆ ಕಲಕಿಹೋಗುತ್ತದೆ. ನಡುವಿನ ಜಾಗದಲ್ಲಿ ಸ್ವಲ್ಪ ಹೊತ್ತು ಶಾಂತ, ಸ್ವಲ್ಪ ಹೊತ್ತು ಗಲಿಬಿಲಿ. ಯಾವ ಜಾಗದಲ್ಲಿ ಎಷ್ಟು ಪಾಲು ಹೊತ್ತು ಗಲಿಬಿಲಿ? 1951ರಲ್ಲಿ ಅಮೆರಿಕದ ವಿಜ್ಞಾನಿ ಎಮ್ಮನ್ಸ್ ಒಂದು ಸುಳಿವು ಕೊಟ್ಟಿದ್ದರು. ಗಲಿಬಿಲಿ ಎಲ್ಲ ಕಡೆ ಒಟ್ಟಿಗೆ ಶುರುವಾಗುವುದಿಲ್ಲ, ಅಲ್ಲಲ್ಲಿ ಮಚ್ಚೆಯಂತೆ ಹುಟ್ಟಿ, ಹಿಗ್ಗುತ್ತಾ ಮುಂದೆ ಸಾಗುತ್ತದೆ ಅಂತ. ಆದರೆ ಮಚ್ಚೆಗಳು ಮೈತುಂಬಾ ಒಂದೇ ಸಮನೆ ಹುಟ್ಟುತ್ತವೆ ಅಂದುಕೊಂಡರೆ ಅಳತೆಗೂ ಲೆಕ್ಕಕ್ಕೂ ತಾಳೆ ಆಗುತ್ತಿರಲಿಲ್ಲ.

ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಸತೀಶ್ ಧವನ್ ಅವರ ಶಿಷ್ಯ ರೊದ್ದಂ ನರಸಿಂಹ ಅವರಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸು. (ತಂದೆ ಆರ್.ಎಲ್. ನರಸಿಂಹಯ್ಯ ಕನ್ನಡದಲ್ಲಿ ವಿಜ್ಞಾನ ಬರೆದವರು.) ಅವರು ಬದಲಿಸಿದ್ದು ಒಂದೇ ಒಂದು ಊಹೆ: ಮಚ್ಚೆಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಹೆಚ್ಚುಕಮ್ಮಿ ಒಂದೇ ಗೆರೆಯ ಮೇಲೆ ಹುಟ್ಟುತ್ತವೆ. ಅಷ್ಟೇ! ಬೇರೆ ಬೇರೆ ಪ್ರಯೋಗಗಳ ಅಳತೆಗಳು ಒಂದೇ ವಕ್ರರೇಖೆಯ ಮೇಲೆ ಬಂದು ಕೂತವು. 1957ರಲ್ಲಿ ಜರ್ನಲ್ ಆಫ್ ದಿ ಏರೋನಾಟಿಕಲ್ ಸೈನ್ಸಸ್‌ನಲ್ಲಿ ಬಂದ ಆ ಟಿಪ್ಪಣಿ ಇರುವುದು 711 ಮತ್ತು 712ನೇ ಪುಟಗಳಲ್ಲಿ, ಎರಡೇ ಪುಟ. ಧವನ್ ಜೊತೆ ಬರೆದ ವಿವರವಾದ ಪೇಪರ್ ಮರುವರ್ಷ ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬಂತು. ಅದಕ್ಕೆ ಹತ್ತೊಂಬತ್ತು ಪುಟ ಬೇಕಾಯಿತು.

ಮೊದಲು ಎರಡು, ಆಮೇಲೆ ಹತ್ತೊಂಬತ್ತು. ನಮ್ಮ ಹುಡುಗರು ಉಲ್ಟಾ ಮಾಡುತ್ತಾರೆ. ಇನ್ನು ಕೆಲವರು ಒಂದೇ ಕೆಲಸವನ್ನು ಐದು ಹೋಳು ಮಾಡಿ ಐದು ಲೆಟರ್ ಕಳಿಸುತ್ತಾರೆ. ಅದರ ಬಗ್ಗೆ ಇಲ್ಲಿ ಬೇಡ ಬಿಡಿ, ನನಗೆ ಬಿಪಿ ಜಾಸ್ತಿ ಆಗುತ್ತದೆ.

ಪುಟ್ಟ ಪೇಪರ್ ಬೇಗ ಹೋಗಲು ಕಾರಣ ತೀರಾ ಸರಳ. ಪ್ರಕಟಣೆಗೆ ಮುನ್ನ ವಿಮರ್ಶೆಗೆ ಅಂತ ಬಂದ ಮೂವತ್ತು ಪುಟದ ಪೇಪರ್ ನನ್ನ ಮೇಜಿನ ಮೇಲೆ ಮೂರು ವಾರ ಕೂತಿರುತ್ತದೆ. ನಾಲ್ಕು ಪುಟದ್ದನ್ನು ರಾತ್ರಿ ಊಟ ಆದ ಮೇಲೆ ಓದಿ ಮುಗಿಸುತ್ತೇನೆ. ಆದರೆ ಪುಟ ಉಳಿಸಲು ಹೊರಟವರು ಮೊದಲು ಎಲ್ಲಿಗೆ ಕತ್ತರಿ ಹಾಕುತ್ತಾರೆ ಗೊತ್ತಾ? ಕಂಪ್ಯೂಟರ್ ಲೆಕ್ಕಕ್ಕೆ ವಸ್ತುವನ್ನು ತುಂಡು ಮಾಡಿದ ಜಾಲ (ಮೆಶ್) ಎಷ್ಟು ಸಣ್ಣದು, ಅಳತೆಯಲ್ಲಿ ತಪ್ಪು ಎಷ್ಟು, ಅಂಚನ್ನು ಹೇಗೆ ಹಿಡಿದಿದ್ದರು ಎಂಬುದಕ್ಕೆ.

ಒಮ್ಮೆ ನಾವೂ ಹೀಗೇ ಮಾಡಿದ್ದೆವು. ಉಕ್ಕಿನ ತೆಳು ಪಟ್ಟಿಯನ್ನು ಎರಡೂ ತುದಿಯಿಂದ ಒತ್ತಿ, ಎಷ್ಟು ಭಾರಕ್ಕೆ ಅದು ಬಾಗಿಬಿಡುತ್ತದೆ ಎಂದು ನೋಡುವ ಪ್ರಯೋಗ. ಪುಟದ ಮಿತಿ ಮೀರಿತ್ತು, ತುದಿಗಳನ್ನು ಹಿಡಿದ ಬಗೆಯ ವಾಕ್ಯವನ್ನು ತೆಗೆದೆವು. ವಿಮರ್ಶಕರು ಕೇಳಿದ್ದೂ ಅದನ್ನೇ. ಕೇಳಲೇಬೇಕು, ಅಲ್ವಾ? ತುದಿಗಳು ತಿರುಗುವಂತೆ ಕೀಲು ಹಾಕಿದ್ದಕ್ಕಿಂತ ಅಲುಗದಂತೆ ಬಿಗಿದು ಹಿಡಿದರೆ ಅದೇ ಪಟ್ಟಿ ಲೆಕ್ಕದ ಪ್ರಕಾರ ನಾಲ್ಕು ಪಟ್ಟು ಭಾರ ತಡೆಯುತ್ತದೆ. 'ರ‍್ಯಾಪಿಡ್' ಪೇಪರ್ ವಿಮರ್ಶೆಯ ಎರಡನೇ ಸುತ್ತಿಗೆ ಹೋಗಿ ಮೂರು ತಿಂಗಳು ತಡವಾಯಿತು.

ಆ ವಾಕ್ಯವನ್ನು ಮತ್ತೆ ಸೇರಿಸಲು ಜಾಗ ಬೇಕಿತ್ತಲ್ಲ, ಪೀಠಿಕೆಯ ಮೊದಲ ಪ್ಯಾರಾ ತೆಗೆದೆವು. ಅದು ಶುರುವಾಗುತ್ತಿದ್ದದ್ದು, "ಇತ್ತೀಚಿನ ದಿನಗಳಲ್ಲಿ ತೆಳು ರಚನೆಗಳು ಬಹಳ ಮಹತ್ವ ಪಡೆದುಕೊಂಡಿವೆ" ಅಂತ. ಅದನ್ನು ಯಾರೂ ಕೇಳಲಿಲ್ಲ.