ಲಕ್ಸರ್‌ನಲ್ಲಿ ನೂರು ವರ್ಷದಿಂದ ಗೋಡೆ ನೋಡುತ್ತಿರುವವರು

ಪುರಾತತ್ವ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗುದ್ದಲಿ, ಸನಿಕೆ, ಬಾಂಡ್ಲಿ ತುಂಬ ಮಣ್ಣು. ಅಗೆದರೆ ತಾನೇ ಏನಾದರೂ ಸಿಗೋದು? ಆದರೆ ಈಜಿಪ್ಟಿನ ಲಕ್ಸರ್ ಊರಿನಲ್ಲಿ, ನೈಲ್ ನದಿಯ ದಂಡೆಯಲ್ಲಿ ಒಂದು ಸಂಸ್ಥೆ ಇದೆ. ಅಲ್ಲಿನವರ ಮುಖ್ಯ ಕೆಲಸ ಅಗೆಯುವುದೇ ಅಲ್ಲ. ಏಣಿ ಹತ್ತುತ್ತಾರೆ, ದೇವಾಲಯದ ಗೋಡೆಯ ಮುಂದೆ ನಿಲ್ಲುತ್ತಾರೆ, ಅಲ್ಲಿ ಏನು ಕೆತ್ತಿದೆಯೋ ಅದನ್ನು ಹಾಗೇ ಚಿತ್ರ ಬರೆದುಕೊಳ್ಳುತ್ತಾರೆ. 1924ರಲ್ಲಿ ಶುರುವಾದ ಕೆಲಸ ಇನ್ನೂ ಮುಗಿದಿಲ್ಲ. ಸಂಸ್ಥೆ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ್ದು, ಅದಕ್ಕೇ ಅದಕ್ಕೆ ಷಿಕಾಗೋ ಹೌಸ್ ಅಂತಲೇ ಹೆಸರು. ಅಕ್ಟೋಬರ್ ಮಧ್ಯಕ್ಕೆ ಬರುತ್ತಾರೆ, ಏಪ್ರಿಲ್‌ನಲ್ಲಿ ಬಿಸಿಲು ಏರುವ ಹೊತ್ತಿಗೆ ಕಟ್ಟಿಟ್ಟು ಹೊರಡುತ್ತಾರೆ, ಮತ್ತೆ ಅಕ್ಟೋಬರ್‌ಗೆ ಅದೇ ಗೋಡೆ.

ಇದನ್ನು ಶುರು ಮಾಡಿದವರು ಆ ವಿಶ್ವವಿದ್ಯಾಲಯದಲ್ಲೇ ಇದ್ದ ಈಜಿಪ್ಟ್ ಚರಿತ್ರೆಯ ವಿದ್ವಾಂಸ ಜೇಮ್ಸ್ ಹೆನ್ರಿ ಬ್ರೆಸ್ಟೆಡ್. ಅವರು ವಯಸ್ಸಿನಲ್ಲಿದ್ದಾಗ ಈಜಿಪ್ಟಿನಲ್ಲಿ ಓಡಾಡಿ ಶಾಸನಗಳನ್ನು ಕೈಯಾರೆ ನಕಲು ಮಾಡಿಕೊಂಡವರು. ಆಗಲೇ ಅಚ್ಚಾಗಿದ್ದ ಪುಸ್ತಕಗಳನ್ನು ಹಿಡಿದು ಗೋಡೆಯ ಮುಂದೆ ನಿಂತರೆ ಪುಸ್ತಕದ ತುಂಬ ತಪ್ಪು. ಅದಕ್ಕಿಂತ ಬೇಜಾರಿನ ಸಂಗತಿ ಅಂದರೆ, ಹಿಂದಿನ ಪ್ರವಾಸಿಗರು ಕಣ್ಣಾರೆ ಕಂಡು ಬರೆದುಕೊಂಡಿದ್ದ ಎಷ್ಟೋ ಸಾಲುಗಳು ಗೋಡೆಯಲ್ಲೇ ಇರಲಿಲ್ಲ. ಉದುರಿ ಹೋಗಿದ್ದವು. ಹೊಸದನ್ನು ಅಗೆಯುವುದು ಆಮೇಲೆ, ಮೊದಲು ಹೊರಗೆ ನಿಂತಿರುವುದನ್ನು ಉಳಿಸಿಕೊಳ್ಳೋಣ ಅನ್ನುವ ಯೋಚನೆ ಬಂದಿದ್ದು ಹಾಗೆ. ದುಡ್ಡು ಕೊಟ್ಟವರು ಅಮೆರಿಕದ ಸಿರಿವಂತ ರಾಕ್‌ಫೆಲರ್.

ಮೊದಲು ಹಿಡಿದ ಗುಡಿ ಮೆದಿನೆತ್ ಹಾಬು. ಸುಮಾರು 3,200 ವರ್ಷದ ಹಿಂದೆ ಮೂರನೇ ರಾಮೆಸಿಸ್ ಕಟ್ಟಿಸಿದ್ದು. ಅದರ ಉತ್ತರದ ಹೊರಗೋಡೆಯಲ್ಲಿ ಒಂದು ಹಡಗಿನ ಯುದ್ಧ ಇದೆ. ಸಮುದ್ರದ ಕಡೆಯಿಂದ ಬಂದ ಶತ್ರುಗಳು, ಮಗುಚಿಬಿದ್ದ ದೋಣಿ, ನೀರಲ್ಲಿ ತೇಲುವ ಹೆಣಗಳು. ಇನ್ನೊಂದು ಕಡೆ ಸತ್ತವರ ಕೈಗಳನ್ನು ಕತ್ತರಿಸಿ ರಾಶಿ ಹಾಕಿದ್ದಾರೆ, ಗುಮಾಸ್ತರು ಪಕ್ಕದಲ್ಲಿ ನಿಂತು ಲೆಕ್ಕ ಬರೆದುಕೊಳ್ಳುತ್ತಿದ್ದಾರೆ. ಒಂದು ಕೈಗೆ ಒಬ್ಬ ಶತ್ರು. ನೋಡಿದರೆ ಮೈ ಜುಂ ಅನ್ನುತ್ತೆ. ಈ ಒಂದು ಗುಡಿಯ ಮೊದಲ ಸಂಪುಟ ಹೊರಬಂದದ್ದು 1930ರಲ್ಲಿ, ಎಂಟನೆಯದು 1970ರಲ್ಲಿ. ಆಮೇಲೂ ಸಂಪುಟಗಳು ಬಂದಿವೆ.

ಇಷ್ಟು ವರ್ಷ ಯಾಕೆ ಬೇಕು, ಒಂದು ಫೋಟೋ ಹೊಡೆದರೆ ಆಗಲ್ವಾ ಅಂತ ಯಾರಿಗಾದರೂ ಅನ್ನಿಸುತ್ತೆ. ನನಗೂ ಅನ್ನಿಸಿತ್ತು.

ಫೋಟೋಗೆ ಸಿಗುವುದು ಒಂದೇ ಬೆಳಕು. ಬೆಳಿಗ್ಗೆ ಕಾಣುವ ಗೆರೆ ಮಧ್ಯಾಹ್ನ ಕಾಣುವುದಿಲ್ಲ, ಸಂಜೆ ಇನ್ನೊಂದೇ ಗೆರೆ ಎದ್ದು ಬರುತ್ತೆ. ಕಲ್ಲಿನ ಸೀಳು ಯಾವುದು, ಉಳಿಯ ಗುರುತು ಯಾವುದು ಅಂತ ಕ್ಯಾಮೆರಾ ಹೇಳುವುದಿಲ್ಲ, ಅದಕ್ಕೆ ಎರಡೂ ನೆರಳೇ. ಇನ್ನೂ ಒಂದು ತೊಡಕಿದೆ. ಈಜಿಪ್ಟಿನ ಶಿಲ್ಪಿಗಳು ಕೆತ್ತನೆ ತಪ್ಪಾದರೆ, ಅಥವಾ ರಾಜ ಮನಸ್ಸು ಬದಲಾಯಿಸಿದರೆ, ಹಳೆಯ ಗೆರೆಗೆ ಗಾರೆ ಮೆತ್ತಿ ಅದರ ಮೇಲೆ ಹೊಸದು ಕೆತ್ತುತ್ತಿದ್ದರು. ಮೂರು ಸಾವಿರ ವರ್ಷದಲ್ಲಿ ಗಾರೆ ಉದುರಿದೆ. ಈಗ ಹಳೆಯದೂ ಹೊಸದೂ ಒಂದರ ಮೇಲೊಂದು ಕಾಣುತ್ತವೆ, ಒಬ್ಬ ಮನುಷ್ಯನಿಗೆ ಎರಡು ಮೂಗು, ಮೂರು ತೋಳು.

ನಮ್ಮಲ್ಲಿ ಶಾಸನದ ಅಚ್ಚು ತೆಗೆಯುವುದನ್ನು ನೀವು ನೋಡಿರಬಹುದು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ಹಳ್ಳಕ್ಕೆ ಕೂರಿಸಿ, ಮೇಲೆ ಶಾಯಿ ಒತ್ತುತ್ತಾರೆ. ಅಕ್ಷರ ಬೆಳ್ಳಗೆ ಎದ್ದು ಕಾಣುತ್ತೆ. ಬಿ.ಎಲ್. ರೈಸ್ ಕಾಲದಿಂದ ಕನ್ನಡ ಶಾಸನಗಳ ಓದಿಗೆ ಇಂಥ ಅಚ್ಚು ತುಂಬ ನೆರವಾಗಿದೆ. ನಮ್ಮ ಗಟ್ಟಿ ಕಲ್ಲಿಗೆ ಅದು ಸರಿ. ಲಕ್ಸರ್‌ನ ಗೋಡೆ ಮೆತ್ತನೆಯ ಮರಳುಗಲ್ಲು, ಅದರ ಮೇಲೆ ಅಲ್ಲಲ್ಲಿ ಹಳೆಯ ಬಣ್ಣ ಇನ್ನೂ ಇದೆ. 19ನೇ ಶತಮಾನದಲ್ಲಿ ಅಲ್ಲೂ ಹೀಗೆ ಒದ್ದೆ ಕಾಗದ ಅಂಟಿಸಿದ್ದರು. ಕಾಗದ ಕಿತ್ತಾಗ ಬಣ್ಣವೂ ಅದರ ಜೊತೆ ಬಂತು. ಅಷ್ಟು ಸಾವಿರ ವರ್ಷ ತಡೆದುಕೊಂಡಿದ್ದ ಬಣ್ಣ ಒಂದೇ ಮಧ್ಯಾಹ್ನದಲ್ಲಿ ಹೋಯಿತು ಅನ್ನುವುದನ್ನು ನೆನೆಸಿಕೊಂಡರೆ ಸಂಕಟವಾಗುತ್ತೆ.

ಹಾಗಾಗಿ ಷಿಕಾಗೋ ಹೌಸ್‌ನವರು ಬೇರೆ ದಾರಿ ಹಿಡಿದರು. ಮೊದಲು ದೊಡ್ಡ ಕ್ಯಾಮೆರಾದಲ್ಲಿ ಗೋಡೆಯ ಫೋಟೋ ತೆಗೆದು, ಅದನ್ನು ದೊಡ್ಡದು ಮಾಡಿ ಅಚ್ಚು ಹಾಕುತ್ತಾರೆ. ಚಿತ್ರಗಾರ ಆ ಫೋಟೋ ಹಿಡಿದು ಏಣಿ ಹತ್ತಿ, ಎದುರಿಗಿರುವ ಕಲ್ಲು ನೋಡಿಕೊಂಡು ಫೋಟೋ ಮೇಲೇ ಪೆನ್ಸಿಲ್‌ನಿಂದ ಗೆರೆ ಎಳೆಯುತ್ತಾನೆ. ಮನೆಗೆ ಬಂದು ಅದರ ಮೇಲೆ ಶಾಯಿ. ಆಮೇಲಿನ ಹೆಜ್ಜೆ ನನಗೆ ತುಂಬ ಇಷ್ಟ. ಆ ಫೋಟೋವನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುತ್ತಾರೆ. ಫೋಟೋ ಕರಗಿ ಹೋಗುತ್ತೆ, ಬಿಳಿ ಕಾಗದದ ಮೇಲೆ ಶಾಯಿಯ ಗೆರೆ ಮಾತ್ರ ನಿಲ್ಲುತ್ತೆ. ಆ ಗೆರೆಯಲ್ಲೂ ಒಂದು ಲೆಕ್ಕ ಇದೆ. ಬೆಳಕು ಯಾವಾಗಲೂ ಮೇಲಿನ ಎಡಮೂಲೆಯಿಂದ ಬೀಳುತ್ತಿದೆ ಅಂದುಕೊಳ್ಳಬೇಕು. ನೆರಳು ಬೀಳುವ ಅಂಚಿಗೆ ದಪ್ಪ ಗೆರೆ, ಬೆಳಕಿನ ಅಂಚಿಗೆ ತೆಳು. ಉಬ್ಬಿದ ಕೆತ್ತನೆಗೆ ಬಲಗಡೆ, ಕೆಳಗಡೆ ದಪ್ಪ. ಒಳಗೆ ತಗ್ಗಿಸಿದ ಕೆತ್ತನೆಗೆ ಎಡಗಡೆ, ಮೇಲ್ಗಡೆ ದಪ್ಪ. ಒಂದು ಸಲ ಗೊತ್ತಾದರೆ ಸಾಕು, ಬರೀ ಕಪ್ಪು ಗೆರೆ ನೋಡಿಯೇ ಕಲ್ಲು ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಅಂತ ಓದಿಬಿಡಬಹುದು.

ಇಷ್ಟಾದರೂ ಕೆಲಸ ಅರ್ಧ. ಚಿತ್ರದ ಒಂದು ಪ್ರತಿ ತೆಗೆದು, ಅದನ್ನು ತುಂಡು ತುಂಡಾಗಿ ಕತ್ತರಿಸಿ, ಒಂದೊಂದನ್ನೂ ಬೇರೆ ಹಾಳೆಗೆ ಅಂಟಿಸುತ್ತಾರೆ. ಲಿಪಿ ಬಲ್ಲವರೊಬ್ಬರು ಅದನ್ನು ಹಿಡಿದು ಗೋಡೆಗೆ ಹೋಗಿ, ಕನ್ನಡಿಯಲ್ಲಿ ಬಿಸಿಲನ್ನು ಓರೆಯಾಗಿ ಹಾಯಿಸಿ, ಒಂದೊಂದು ಗೆರೆಯನ್ನೂ ಕಲ್ಲಿನ ಜೊತೆ ತಾಳೆ ನೋಡಿ, ತಪ್ಪು ಕಂಡಲ್ಲೆಲ್ಲ ಅಂಚಿನಲ್ಲಿ ಬರೆಯುತ್ತಾರೆ. ಆಮೇಲೆ ಎರಡನೆಯವರು ಹೋಗಿ ಮೊದಲನೆಯವರ ತಪ್ಪು ಹುಡುಕುತ್ತಾರೆ. ಇಬ್ಬರೂ ಕೂತು ಮಾತಾಡಿ ಒಪ್ಪಿದ ಮೇಲೆ ಚಿತ್ರಗಾರ ಮತ್ತೆ ಗೋಡೆಗೆ ಹೋಗಿ ತಾನೂ ನೋಡಬೇಕು. ಅವನಿಗೆ ಕಾಣದಿದ್ದರೆ ಮತ್ತೆ ಚರ್ಚೆ. ಕೊನೆಗೆ ನಿರ್ದೇಶಕರ ಕಣ್ಣು. ಇಲ್ಲಿ ಯಾರ ಮಾತೂ ಅಂತಿಮ ಅಲ್ಲ, ಗೋಡೆ ಹೇಳಿದ್ದೇ ಅಂತಿಮ.

ಇದರಿಂದ ಆದ ಲಾಭಕ್ಕೆ ಲಕ್ಸರ್‌ನ ದೊಡ್ಡ ಗುಡಿಗಳ ಗುಂಪಾದ ಕಾರ್ನಾಕ್‌ನ ಒಂದು ಕಥೆ ಸಾಕು. ಅಲ್ಲಿ ಮೊದಲನೇ ಸೇತಿ ರಾಜನ ಯುದ್ಧದ ಕೆತ್ತನೆಗಳಿವೆ. ಅದರಲ್ಲಿ ಅವನ ಮಗ, ಮುಂದೆ ರಾಜನಾದ ಎರಡನೇ ರಾಮೆಸಿಸ್‌ನ ಚಿತ್ರವೂ ಇದೆ, ಆದರೆ ಅದು ಇನ್ನೊಬ್ಬನ ಚಿತ್ರವನ್ನು ಅಳಿಸಿ ಕೆತ್ತಿದ್ದು. ಯಾರು ಆ ಇನ್ನೊಬ್ಬ? ರಾಮೆಸಿಸ್‌ಗೆ ಒಬ್ಬ ಅಣ್ಣ ಇದ್ದ, ಪಟ್ಟ ಅವನಿಗೆ ಹೋಗಬೇಕಿತ್ತು ಅಂತ ಬ್ರೆಸ್ಟೆಡ್ ಬಹಳ ಹಿಂದೆಯೇ ಬರೆದಿದ್ದರು. ಒಳ್ಳೆ ಕಥೆ, ಅಲ್ವಾ? ಆದರೆ ಒಂದರ ಮೇಲೊಂದಿದ್ದ ಗೆರೆಗಳನ್ನು ಬಿಡಿಸಿ ಬಿಡಿಸಿ ನೋಡಿದಾಗ ಅಲ್ಲಿದ್ದವನು ಯಾವ ಅಣ್ಣನೂ ಅಲ್ಲ, ಮೆಹಿ ಅನ್ನುವ ಹೆಸರಿನ ಸೇನೆಯ ಅಧಿಕಾರಿ. ಅವನ ಚಿತ್ರವೂ ಆಮೇಲೆ ಸೇರಿಸಿದ್ದೇ. ಆ ಗೋಡೆಯ ಸಂಪುಟವನ್ನು ಷಿಕಾಗೋ ಹೌಸ್ 1986ರಲ್ಲಿ ಹೊರತಂದಿತು. ಸಂಸ್ಥೆ ಕಟ್ಟಿದವರ ಮಾತು ನಿಲ್ಲುವುದಿಲ್ಲ ಅಂತ ತೋರಿಸಿದ್ದು ಅವರೇ ಹಾಕಿಕೊಟ್ಟ ಬಗೆಯ ಕೆಲಸ. ನನಗೆ ಈ ಸಂಸ್ಥೆಯ ಮೇಲೆ ಗೌರವ ಹುಟ್ಟಿದ್ದು ಇದರಿಂದ.

ಲಕ್ಸರ್ ಗುಡಿಯ ಕಂಬಗಳ ಸಾಲಿನಲ್ಲೂ ಇಂಥದ್ದೇ ಇದೆ. ಅಲ್ಲಿ ಓಪೆತ್ ಹಬ್ಬದ ಮೆರವಣಿಗೆ ಕೆತ್ತಿದ್ದಾರೆ. ಕಾರ್ನಾಕ್‌ನಿಂದ ಅಮುನ್ ದೇವರನ್ನು ದೋಣಿಯಲ್ಲಿ ಕೂರಿಸಿ ಲಕ್ಸರ್‌ಗೆ ತರುವುದು, ವಾದ್ಯದವರು, ಕುಣಿಯುವವರು, ಸಿಂಗರಿಸಿದ ಎತ್ತುಗಳು, ದಡದಲ್ಲಿ ಹಗ್ಗ ಹಿಡಿದು ಎಳೆಯುವ ಜನ. ತೇರು ಎಳೆದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ಕೆತ್ತಿಸಿದವನು ಟುಟಾಂಖಾಮನ್. ಗೋಡೆಯ ಮೇಲೆ ಹೆಸರು ಮಾತ್ರ ಹೊರೆಮ್ಹೆಬ್‌ನದು, ಆಮೇಲೆ ರಾಜನಾದ ಅವನು ಹಳೆ ಹೆಸರು ಹೆರೆಸಿ ತನ್ನದು ಹಾಕಿಸಿಕೊಂಡ. ಮೂರನೇ ರಾಮೆಸಿಸ್ ಮೆದಿನೆತ್ ಹಾಬುವಿನಲ್ಲಿ ತನ್ನ ಹೆಸರನ್ನು ಬೆರಳು ಪೂರ್ತಿ ಒಳಗೆ ಹೋಗುವಷ್ಟು ಆಳವಾಗಿ ಕೆತ್ತಿಸಿದ್ದು ಇದೇ ಭಯಕ್ಕೆ ಇರಬೇಕು.

ಆದರೆ ಈಗ ಹೆಸರು ಅಳಿಸುತ್ತಿರುವುದು ಉಪ್ಪು. ಹಳೆ ಮನೆಯ ಗೋಡೆ ಬುಡದಲ್ಲಿ ತೇವ ಏರಿ, ಬಿಳಿ ಪುಡಿ ಉಬ್ಬಿ, ಗಾರೆ ಉದುರುವುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿಯೂ ಅದೇ. 1970ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ಮುಗಿದ ಮೇಲೆ ವರ್ಷವಿಡೀ ನೀರಾವರಿ ಬಂತು, ಗುಡಿಗಳ ಪಕ್ಕದಲ್ಲೇ ಕಬ್ಬಿನ ಗದ್ದೆ, ಅಂತರ್ಜಲ ಮೇಲೆ ಬಂತು. ರೈತರಿಗೆ ನೀರು ಬೇಡ ಅನ್ನಲು ಆಗುತ್ತಾ? ಮರಳುಗಲ್ಲು ಆ ನೀರನ್ನು ಬತ್ತಿಯ ಹಾಗೆ ಹೀರುತ್ತೆ. ಮೇಲ್ಮೈಗೆ ಬಂದ ನೀರು ಆರಿಹೋಗುತ್ತೆ, ಉಪ್ಪು ಕಲ್ಲಿನ ಸಣ್ಣ ತೂತುಗಳಲ್ಲೇ ಹರಳುಗಟ್ಟುತ್ತೆ. ಹರಳು ಬೆಳೆಯುತ್ತಾ ಕಲ್ಲನ್ನು ಒಳಗಿಂದ ಒತ್ತುತ್ತೆ. ಒಂದು ದಿನ ಕೆತ್ತನೆ ಇದ್ದ ಪದರವೇ ಹಪ್ಪಳದ ಹಾಗೆ ಕಳಚಿ ಬೀಳುತ್ತೆ. ನೀರನ್ನು ತಗ್ಗಿಸಲು ಗುಡಿಗಳ ಸುತ್ತ ಕಾಲುವೆ, ಪಂಪು ಹಾಕಿದ್ದಾರೆ. ಷಿಕಾಗೋ ಹೌಸ್‌ನವರೂ ಈಗ ಬರೀ ಚಿತ್ರ ಬರೆದು ಸುಮ್ನಿರುವುದಿಲ್ಲ, ಬಿದ್ದ ಕಲ್ಲುಗಳನ್ನು ತೇವ ತಾಗದ ಹಾಗೆ ಕಟ್ಟೆಗಳ ಮೇಲೆ ಜೋಡಿಸಿ, ಈಜಿಪ್ಟಿನ ಕೆಲಸಗಾರರ ಜೊತೆ ಸೇರಿ, ಹೊಂದುವ ತುಂಡುಗಳನ್ನು ಗೋಡೆಯ ಜಾಗಕ್ಕೇ ಮತ್ತೆ ಕೂರಿಸುತ್ತಾರೆ.

ಚಿತ್ರವನ್ನು ಈಗ ಜಾಸ್ತಿ ಟ್ಯಾಬ್ಲೆಟ್ ಮೇಲೇ ಬರೆಯುತ್ತಾರೆ. ಅಯೋಡಿನ್ ಬೇಡ, ಕತ್ತರಿ ಬೇಡ. ಗೋಡೆಗೆ ಹೋಗಿ ತಾಳೆ ನೋಡುವುದು ಮಾತ್ರ ಹಾಗೇ ಇದೆ. ಸಂಪುಟಗಳನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಹೊರಗಿನವರು ಬಂದು ಈಜಿಪ್ಟಿನಿಂದ ಹೊತ್ತುಕೊಂಡು ಹೋದದ್ದು ಕಡಿಮೆಯೇನಲ್ಲ, ಆ ಸಿಟ್ಟು ನ್ಯಾಯವಾದದ್ದೇ. ಈ ಗೋಡೆಗಳು ಮಾತ್ರ ಇದ್ದಲ್ಲೇ ಇವೆ, ಹೊರಗೆ ಹೋದದ್ದು ಗೆರೆಗಳು.

ಆ ಸಂಪುಟಗಳಲ್ಲಿ 2003ರದೊಂದು, ರಾಜರದ್ದಲ್ಲ. ಕಾರ್ನಾಕ್‌ನ ಖೋನ್ಸು ಗುಡಿಯ ಮಾಳಿಗೆಯ ಮೇಲೆ ಕೆಲಸ ಮಾಡುತ್ತಿದ್ದ ಪೂಜಾರಿಗಳು ಬಿಡುವಿನ ಹೊತ್ತಿನಲ್ಲಿ ತಮ್ಮ ಪಾದವನ್ನು ಚಪ್ಪಡಿಯ ಮೇಲಿಟ್ಟು ಸುತ್ತ ಗೆರೆ ಕೊರೆದು, ಪಕ್ಕದಲ್ಲಿ ಹೆಸರು ಬರೆದಿದ್ದರು. ಹೆಲೆನ್ ಜಾಕೆ-ಗೋರ್ಡನ್ ಅನ್ನುವವರು ಆ ಪಾದಗಳನ್ನೆಲ್ಲ ಒಂದೊಂದಾಗಿ ದಾಖಲು ಮಾಡಿದರು. ಕೆಲವು ಪಾದಗಳ ಪಕ್ಕ ಒಂದು ಎಚ್ಚರಿಕೆಯೂ ಇದೆ, ಈ ಹೆಸರು ಅಳಿಸಿದವನನ್ನು ದೇವರು ಬಿಡುವುದಿಲ್ಲ ಅನ್ನುವ ಅರ್ಥದ್ದು. ಇದನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಯ ಕೊಂದ ಪಾಪಕ್ಕೆ ಹೋಗುವನು ಅಂತ ನಮ್ಮ ಊರಿನ ಕಲ್ಲುಗಳ ಮೇಲೂ ಬರೆದಿರುತ್ತಾರಲ್ಲ, ಹಾಗೆ.