ಸಾತ್ವಿಕ ಅಭಿನಯ: ಸಾಧು ಪಾತ್ರಕ್ಕೂ ಇದಕ್ಕೂ ನಂಟಿಲ್ಲ

ಹಿರಿಯ ನಟಿಯರ ಬಗ್ಗೆ ಬರುವ ಬರಹಗಳಲ್ಲಿ ‘ಸಾತ್ವಿಕ ಅಭಿನಯಕ್ಕೆ ಹೆಸರಾದವರು’ ಎಂಬ ಮಾತು ಇಣುಕದೆ ಇರುವುದಿಲ್ಲ. ಅದರ ಬೆನ್ನಿಗೇ ಕಣ್ಣೀರು ನುಂಗುವ ತಾಯಿ, ಎದುರು ಮಾತಾಡದ ಸೊಸೆ, ಹಣೆತುಂಬ ಕುಂಕುಮ. ಬರೆದವರ ತಲೆಯಲ್ಲಿರುವುದು ಸಾತ್ವಿಕ ಆಹಾರದ ಸಾತ್ವಿಕ ಎಂಬುದು ಸ್ಪಷ್ಟ. ಈರುಳ್ಳಿ ಬೆಳ್ಳುಳ್ಳಿ ಹಾಕದ ಅಭಿನಯ!

ಎರಡರ ಬೇರೂ ‘ಸತ್ತ್ವ’ವೇ, ಒಪ್ಪೋಣ. ಸತ್ ಎಂಬುದಕ್ಕೆ ತ್ವ ಸೇರಿ ಆದ ಪದ, ಇರುವಿಕೆ ಎಂದರ್ಥ. ಅಲ್ಲಿಂದ ತಿರುಳು, ಕಸುವು, ಮನಸ್ಸು ಎಂದೆಲ್ಲ ಅರ್ಥ ಕವಲೊಡೆಯಿತು. (ಕನ್ನಡದ ಬಾಯಲ್ಲಿ ಒಂದು ತಕಾರ ಉದುರಿ ‘ಸತ್ವ’ ಆಯಿತು, ಅದಕ್ಕೆ ನನ್ನ ತಕರಾರಿಲ್ಲ.) ಸಾಂಖ್ಯ ಎಂಬ ದರ್ಶನದವರು ಸತ್ತ್ವ, ರಜಸ್ಸು, ತಮಸ್ಸು ಎಂಬ ಮೂರು ಗುಣಗಳಲ್ಲಿ ಒಂದಕ್ಕೆ ಈ ಹೆಸರಿಟ್ಟರು. ಊಟದ, ಸ್ವಭಾವದ ಸಾತ್ವಿಕ ಬಂದದ್ದು ಆ ದಾರಿಯಿಂದ. ಆದರೆ ‘ಸತ್ವ ಇಲ್ಲದ ಮಣ್ಣು’ ಎನ್ನುವಾಗ ಮಣ್ಣಿನ ಸೌಮ್ಯತೆಯ ಮಾತಾಡುತ್ತಿದ್ದೇವೆಯೇ? ಹರಿಶ್ಚಂದ್ರನ ಸತ್ವಪರೀಕ್ಷೆಯಲ್ಲಿ ಒರೆಗೆ ಹಚ್ಚಿದ್ದು ಅವನ ಮೆದು ಮಾತನ್ನೇ? ಮನೋಬಲವನ್ನು ತಾನೆ!

ನಾಟ್ಯಶಾಸ್ತ್ರದ ಸತ್ತ್ವ ಇದರ ಮಗ್ಗುಲಿನದು. ಅದು ಮನಸ್ಸಿನಿಂದ ಹುಟ್ಟುವುದು, ಏಕಾಗ್ರವಾದ ಮನಸ್ಸಿಗೆ ಮಾತ್ರ ಒದಗುವುದು, ಚಿತ್ತ ಎಲ್ಲೋ ಇಟ್ಟುಕೊಂಡವರಿಗೆ ದಕ್ಕುವುದಲ್ಲ ಎನ್ನುತ್ತದೆ ಆ ಗ್ರಂಥ. ಅದರ ಲೆಕ್ಕದಲ್ಲಿ ಅಭಿನಯ ನಾಲ್ಕು ಬಗೆ: ಮೈಯಿಂದ ಆಂಗಿಕ, ಮಾತಿನಿಂದ ವಾಚಿಕ, ವೇಷಭೂಷಣದಿಂದ ಆಹಾರ್ಯ; ಒಳಗಿನ ಭಾವ ತಾನಾಗಿ ಮೈಮೇಲೆ ಮೂಡಿದರೆ ಸಾತ್ವಿಕ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ಸಾತ್ವಿಕದಲ್ಲೇ ಎಂಟು ಬಗೆ. ಅಂದರೆ ಮರಗಟ್ಟುವುದು, ಬೆವರುವುದು, ಮೈನವಿರೇಳುವುದು, ದನಿ ಒಡೆಯುವುದು, ನಡುಗುವುದು, ಮುಖ ಬಣ್ಣಗೆಡುವುದು, ಕಣ್ಣೀರಿಡುವುದು, ಮೂರ್ಛೆ ಹೋಗುವುದು: ಇದರಲ್ಲಿ ‘ಶಾಂತ’ ಎನ್ನುವಂಥದ್ದು ಏನಿದೆ? ಅಂದಹಾಗೆ, ಗ್ಲಿಸರಿನ್ ಹಾಕಿ ತರಿಸಿದ ಕಣ್ಣೀರನ್ನು ನಾನಾದರೆ ಆಹಾರ್ಯದ ಲೆಕ್ಕಕ್ಕೇ ಬರೆಯುತ್ತೇನೆ.

ಭರತನಾಟ್ಯ ಕಲಿತ ಮಕ್ಕಳಿಗೆಲ್ಲ ‘ಆಂಗಿಕಂ ಭುವನಂ ಯಸ್ಯ’ ಬಾಯಿಪಾಠ. ಆ ಶ್ಲೋಕದಲ್ಲಿ ಸಾತ್ವಿಕ ಎನಿಸಿಕೊಂಡವನು ಸಾಕ್ಷಾತ್ ಶಿವ. ಮಸಣದಲ್ಲಿ ಕುಣಿಯುವವನನ್ನು ಸಾಧುಪ್ರಾಣಿ ಎನ್ನಲಾದೀತೇ?

‘ಶರಪಂಜರ’ ಚಿತ್ರದ ಕಾವೇರಿಯನ್ನೇ ತೆಗೆದುಕೊಳ್ಳಿ. ಮಾನಸಿಕ ಆಸ್ಪತ್ರೆಯಿಂದ ಮನೆಗೆ ಮರಳಿದವಳನ್ನು ಎಲ್ಲರೂ ಅನುಮಾನದಿಂದ ನೋಡುವಾಗ ಕಲ್ಪನಾ ಅವರ ದನಿ ಒಡೆಯುತ್ತದೆ, ಕಣ್ಣು ಕೆರಳುತ್ತದೆ. ಅಬ್ಬರ ಜಾಸ್ತಿ ಎನ್ನುವವರಿದ್ದಾರೆ, ಇರಲಿ. ಶಾಸ್ತ್ರದ ಲೆಕ್ಕದಲ್ಲಿ ಆ ಒಡೆದ ದನಿ ಅಪ್ಪಟ ಸ್ವರಭೇದ. ಉಮಾಶ್ರೀ ಅವರನ್ನು ನಗೆಪಾತ್ರಗಳ ಕಾಲದಲ್ಲಿ ಯಾರೂ ‘ಸಾತ್ವಿಕ ನಟಿ’ ಎಂದದ್ದು ನಾನು ಓದಿಲ್ಲ. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಕಸುಬುದಾರಿಕೆ ರಾತ್ರೋರಾತ್ರಿ ಬಂದದ್ದೇನಲ್ಲ. ತಾಯಿ ಪಾತ್ರದ ಪಂಡರಿಬಾಯಿ ಅವರಿಗೆ ಈ ಮಾತು ತಪ್ಪದೆ ಸಲ್ಲುತ್ತದೆ, ಅದೂ ಅವರ ಸೀರೆ ಸೆರಗಿನ ಕಾರಣಕ್ಕೆ. ಖಳನಾಯಕ ವಜ್ರಮುನಿ ಸಿಟ್ಟಿನಿಂದ ಅದುರಿದರೂ ಅದು ವೇಪಥುವೇ, ಸ್ವಾಮಿ.

ನಟಿಯ ಪಾತ್ರ, ಉಡುಗೆ, ಸಂದರ್ಶನದಲ್ಲಿ ಕೂತ ಭಂಗಿ ಇವನ್ನೆಲ್ಲ ಹೊಗಳಬೇಕೆನಿಸಿದರೆ ಸೌಮ್ಯ, ಸಂಭಾವಿತ, ಮೃದು ಎಂಬ ಪದಗಳು ಕೈಗೆಟುಕುವಂತೆ ಬಿದ್ದಿವೆ. ಕಸುಬಿನ ಪದವನ್ನು ಕಸುಬಿಗೆ ಬಿಡಿ.