ಮಳೆಗಾಳಿಗೆ ಕರೆಂಟ್ ಹೋದಾಗ ಗ್ಯಾಸ್ ಒಲೆ ಹಚ್ಚಬಹುದಾ?

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಸಂಜೆ ಗಾಳಿ-ಮಳೆ ಶುರುವಾದರೆ ಸಾಕು, ಕರೆಂಟ್ ಹೋಗುತ್ತದೆ, ಚಿಮಣಿ ನಿಲ್ಲುತ್ತದೆ. ಕಿಟಕಿ ತೆಗೆದರೆ ಉರಿ ಆರುತ್ತದೆ. ಮುಚ್ಚಿದರೆ ತಲೆ ಭಾರ. ಇಂಥ ಹೊತ್ತಲ್ಲಿ ಒಲೆ ಹಚ್ಚಬಹುದಾ?

ಉತ್ತರ: ಹಚ್ಚಬಹುದು. ಗ್ಯಾಸ್ ಉರಿಯೋಕೆ ಕರೆಂಟ್ ಬೇಕಿಲ್ಲ. ನಿಮ್ಮದು ಕರೆಂಟಿನಿಂದ ಹೊತ್ತುವ ಒಲೆಯಾದರೆ ಲೈಟರ್ ಬಳಸಿ. ಕಡ್ಡಿಯಾದರೆ ಮೊದಲು ಕಡ್ಡಿ ಗೀರಿ, ಆಮೇಲೆ ನಾಬ್ ತಿರುಗಿಸಿ.

ಆದರೆ ಆ ತಲೆಭಾರವನ್ನು ಸುಮ್ನೆ ಸೆಖೆ ಅಂತ ಬಿಡಬೇಡಿ. ಗಾಳಿ ಸಾಲದೆ ಒಲೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಒಲೆ ಆರಿಸಿ, ಎಲ್ಲರೂ ಹೊರಗೆ ಬನ್ನಿ. ಉರಿ ನೀಲಿ ಇರಬೇಕು. ಹಳದಿಯಾಗಿ ರೊಟ್ಟಿ ಹಂಚಿನ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ಸ್ವಚ್ಛ ಮಾಡಿಸಿ.

ಒಲೆಯ ಪಕ್ಕದ ಕಿಟಕಿ ಮುಚ್ಚಿ, ಗಾಳಿ ನೇರವಾಗಿ ಬಡಿಯದ ಕಡೆಯ ಕಿಟಕಿ ಅಥವಾ ಬಾಲ್ಕನಿ ಬಾಗಿಲು ತೆಗೆದಿಡಿ. ಒಂದಿಷ್ಟು ನೀರು ಒಳಗೆ ಸಿಡಿದರೆ ಸಿಡಿಯಲಿ, ಒರೆಸಿದರಾಯಿತು. ಒಲೆ ಬಿಟ್ಟು ಆಚೆ ಹೋಗಬೇಡಿ. ಉರಿ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ನಮ್ಮ ಬಹಳಷ್ಟು ಒಲೆಗಳಲ್ಲಿ ಇಲ್ಲ. ಸಣ್ಣ ಉರಿಯಲ್ಲಿ ಹಾಲಿಟ್ಟು, ಒಣಹಾಕಿದ ಬಟ್ಟೆ ತರಲು ಮಾಳಿಗೆಗೆ ಓಡಿದಾಗಲೇ ಉರಿ ಆರುತ್ತದೆ.

ನನಗೆ ಜಾಸ್ತಿ ಭಯ ಇರುವುದು ಕರೆಂಟ್ ವಾಪಸ್ ಬರುವ ಗಳಿಗೆಯದು. ಕತ್ತಲಲ್ಲಿ ಗ್ಯಾಸ್ ವಾಸನೆ ಬಂತು ಅಂದುಕೊಳ್ಳಿ. ಮೇಣದಬತ್ತಿ ಹಚ್ಚಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಫ್ರಿಜ್ ಇದೆಯಲ್ಲ, ಯಾರೂ ಮುಟ್ಟದಿದ್ದರೂ ಕರೆಂಟ್ ಬಂದ ಕೂಡಲೇ ಚಾಲೂ ಆಗುತ್ತದೆ. ಅದರೊಳಗಿನ ಒಂದು ಕಿಡಿ ಸಾಕು. ಹಾಗಾಗಿ ಮೊದಲು ನಾಬ್ ಮತ್ತು ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು ತೆಗೆಯಿರಿ, ಕಿಟಕಿಯೊಂದೇ ಸಾಲದು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕಂಟಿಕೊಂಡೇ ಹರಡುತ್ತದೆ. (ಪೈಪ್ ಗ್ಯಾಸ್ ಹಗುರ, ಅದು ಮೇಲಕ್ಕೇರುತ್ತದೆ.) ಮನೆಯೊಳಗಿನ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಇನ್ವರ್ಟರ್ ಇದ್ದರಂತೂ ಕರೆಂಟ್ ಹೋದಾಗಲೂ ಅವುಗಳಲ್ಲಿ ವಿದ್ಯುತ್ ಇರುತ್ತದೆ. ಹಿರಿಯರು, ಮಕ್ಕಳನ್ನು ಕರೆದುಕೊಂಡು ಮೆಟ್ಟಿಲಲ್ಲಿ ಇಳಿಯಿರಿ. ನಿಮ್ಮ ಮನೆಯ ಮೇನ್ ಸ್ವಿಚ್ ಹೊರಗೆ, ವಾಸನೆ ಇಲ್ಲದ ಕಡೆ ಇದ್ದರೆ ಅದನ್ನು ಇಳಿಸಿ. ಅಲ್ಲಿಂದಲೇ 1906ಕ್ಕೆ ಫೋನ್ ಮಾಡಿ. ಸಿಲಿಂಡರ್ ಗ್ಯಾಸ್ ಸೋರಿಕೆಗೆಂದೇ ಇರುವ ಸಹಾಯವಾಣಿ ಅದು, ಹಗಲು-ರಾತ್ರಿ ಸಿಗುತ್ತದೆ. ಪೈಪ್ ಗ್ಯಾಸ್ ಇದ್ದವರು ತಮ್ಮ ಬಿಲ್ಲಿನ ಮೇಲಿರುವ ತುರ್ತು ನಂಬರನ್ನು ಈಗಲೇ ಮೊಬೈಲಿಗೆ ಹಾಕಿಕೊಳ್ಳಲಿ.

ಕತ್ತಲಲ್ಲೂ ಕೈಯಲ್ಲಿ ತಡವಿ ರೆಗ್ಯುಲೇಟರ್ ಬಂದ್ ಮಾಡುವುದನ್ನು ಮನೆಯ ಎಲ್ಲ ದೊಡ್ಡವರೂ ಹಗಲಲ್ಲೇ ಕಲಿತಿರಲಿ. ಅಡುಗೆ ಮಾಡುವವರಿಗೆ ಮಾತ್ರ ಗೊತ್ತಿದ್ದರೆ ಸಾಲದು.

ಇನ್ನೊಂದು ಮಾತು. ಧಾರವಾಡದ ಕಡೆ ಗಿಡ ಬಿದ್ದು ತಂತಿ ಹರಿದರೆ ಕರೆಂಟ್ ಬರೋದು ತಡ. ಆಗ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಬಾಗಿಲು, ಕಿಟಕಿ ಹಾಕಿಕೊಂಡು ಸ್ನಾನ ಮಾಡಬೇಡಿ. ಥಂಡಿ ಅಂತ ಇದ್ದಿಲಿನ ಶೇಗಡಿಯನ್ನು ಮಲಗುವ ಕೋಣೆಗೆ ತರಲೇಬೇಡಿ.